ಪ್ರಶ್ನೆಚಿಹ್ನೆಯಾದ ಹೆಸರುಗಳು

21-8-2007, ಮಂಗಳವಾರ. ಚಿಕ್ಕಬಳ್ಳಾಪುರ.

ನಾನು ಟೈಪಿಂಗ್ ಮಾಡೋ ಆಸ್ಪತ್ರೆಗೆ ಜಪಾನಿನಿಂದ ದಾನವಾಗಿ ಬಂದ ಕಂಪ್ಯೂಟರಿನಲ್ಲಿ ಎಲ್ಲಾ ಜಪಾನಿ ಅಕ್ಷರ. ನೋಟ್‌ಪ್ಯಾಡಿನಲ್ಲಿದ್ದ ರೋಗಿಗಳ ಪಟ್ಟಿಯ ಕನ್ನಡ ಸರಿಯಾಗಿ ಕಾಣಲಿ ಅಂತ ಭಾಷೆಯ ಸೆಟ್ಟಿಂಗ್ ಬದಲಾಯಿಸಿ ಸೇವ್ ಮಾಡಿದೆ. ಜಪಾನಿಯಲ್ಲೇ ಏನೋ ಎಚ್ಚರಿಕೆ ಬಂತು. ಓದೋಕಾಗದೆ ಒತ್ತಿಬಿಟ್ಟೆ. ಮತ್ತೆ ತೆರೆದರೆ, ಪೆನಿಸಿಲಿನ್ ಒಗ್ಗದ ಹತ್ತೊಂಬತ್ತು ಜನರ ಹೆಸರಿದ್ದ ಕಡೆ ಬರೀ ಪ್ರಶ್ನೆಚಿಹ್ನೆ! ಬೇರೆ ಪ್ರತಿ ಇಲ್ಲ.

ನರ್ಸ್ ರಾಮಲಕ್ಷ್ಮಮ್ಮನವರಿಗೆ ಹೇಳಿದೆ. "ನಾಳೆ ಮುದ್ದೇನಹಳ್ಳಿ ಕ್ಯಾಂಪು ಕಣಮ್ಮ. ಪೆನಿಸಿಲಿನ್ ಸೂಜಿ ಚುಚ್ಚೋಕೆ ಮುಂಚೆ ಒಬ್ಬೊಬ್ಬರನ್ನೂ ಕೇಳಣ," ಅಂದ್ರು. ಅವರ ಮುಖ ಮಾತ್ರ ಬಿಳಿಚಿತ್ತು.

ನೆನಪಿನಿಂದ ಬರೀತಾ ಕೂತೆ. ಹದಿನೆಂಟು ಹೆಸರು ಸಿಕ್ಕವು. ಸಿಗದೇ ಹೋದ ಒಂದು ಹೆಸರಿನ ಮುಂದೆ ‘ಹುಡುಗಿಗೆ ಮಾತು ಬಾರದು, ಕಿವಿ ಕೇಳದು’ ಅಂತ ನಾನೇ ಟೈಪ್ ಮಾಡಿದ್ದೆ. ನಾಳೆ ಅವಳು ಒಬ್ಬಳೇ ಬಂದು ಸಾಲಿನಲ್ಲಿ ನಿಂತರೆ, ಕೇಳಿದ್ದಕ್ಕೆ ಯಾರು ಹೇಳ್ತಾರೆ?