ಮೇಡಂ ಬಿರುದಿನ ಕೊನೆಯ 'ಆ'

ವಾಲ್ದೆರಾಬಾ, ಕಸ್ತೀಲ್ಯಾ

ತಂಗೀ,

ನಮ್ಮ ಇತಿಹಾಸದ ಮೇಡಂ ಬಾಸಿಲಿಸಾ ಉರ್ದಿಯಾಲೆಸ್ ಹೆಸರನ್ನು ಅವರ ಊರಿನವರು ಕೊನೆಗೂ ಒಂದು ಬೀದಿಗೆ ಇಟ್ಟರು. ಪರದೆ ಸರಿಸಿದರೆ ಫಲಕದಲ್ಲಿ 'ಪ್ರೊಫೆಸೋರ್ ಉರ್ದಿಯಾಲೆಸ್'! ನಮ್ಮ ಸ್ಪ್ಯಾನಿಷ್‌ನಲ್ಲಿ ಕೊನೆಗೆ 'ಆ' ಸೇರಿ 'ಪ್ರೊಫೆಸೋರಾ' ಆದರೆ ಹೆಂಗಸು, ಬಿಟ್ಟರೆ ಗಂಡಸು ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಬೀದಿ ಅವರ ತಮ್ಮನದೆಂದು ಜನ ಅವನ ಕೈ ಕುಲುಕಿದರು. ಪುಸ್ತಕ ಮುಟ್ಟದ ಆ ಹಂದಿ ವ್ಯಾಪಾರಿ ನಾಚದೆ ಕುಲುಕಿಸಿಕೊಂಡ.

"ಒಂದಕ್ಷರ ತಾನೇ, ಬಿಡಿ ದೊನ್ಯಾ ಬಾಸಿಲಿಸಾ," ಎಂದ ಮೇಯರ್.

"ಆ ಒಂದಕ್ಷರಕ್ಕೇ ಅಲ್ವೇನಪ್ಪಾ, ತಲೆ ನರೆಯೋವರೆಗೂ ವಿಶ್ವವಿದ್ಯಾಲಯದೋರು ನಂಗೆ ಹುದ್ದೆ ಕೊಡದೆ ಕೂರಿಸಿದ್ದು? ಏಣಿ ಹಿಡ್ಕೊ!"

ಅವನು ಹಿಡಿದ. ಎಂಬತ್ತು ದಾಟಿದ ಮೇಡಂ ನನ್ನ ಚೀಲದ ಲಿಪ್‌ಸ್ಟಿಕ್ ಕಸಿದು ಹತ್ತಿ, 'ಆ' ಬರೆದೇ ಇಳಿದರು.

ನನ್ನ ಮಂಡಿನೋವು ಕಡಿಮೆ. ಲಿಪ್‌ಸ್ಟಿಕ್ ನಿನ್ನದು, ಹೇಳದೆ ತಂದಿದ್ದೆ. ಬುಡದವರೆಗೂ ಮುಗಿದಿದೆ.

ನಿನ್ನಕ್ಕ,
ರೆಮೇದಿಯೋಸ್