ದೊಡ್ಡವಳು ಭಾಗ ಮಾಡಿದ ನ್ಯೂಜಿಲೆಂಡ್

ಅವ್ವಾ,

ನಾನು ಕಣವ್ವ, ನಿನ್ನ ದೊಡ್ಡ ಮಗಳು ಸರೋಜ, ಮಂಡ್ಯದಿಂದ. ನೀನು ಹೋಗಿ ಎರಡು ವರ್ಷ ದಾಟಿತು. ಇಷ್ಟು ದಿನ ನಿನಗೊಂದು ಸುದ್ದಿ ಹೇಳದೆ ಮುಚ್ಚಿಟ್ಟಿದ್ದೆ. ಪಿತೃಪಕ್ಷದಲ್ಲಿ ಎಡೆ ಇಟ್ಟು ಕೈಮುಗಿದಾಗಲೂ ನಿನ್ನ ಫೋಟೋದ ಮುಖ ನೋಡಲಾಗದೆ ಎದ್ದುಬಿಡುತ್ತಿದ್ದೆ. ನಾನೂ ಪದ್ಮಳೂ ಮಾತು ಬಿಟ್ಟಿದ್ದೆವು. ನಿನ್ನ ತಿಥಿಯ ದಿನದಿಂದ ಹೋದ ತಿಂಗಳವರೆಗೆ ಅಕ್ಕ ತಂಗಿಯ ನಡುವೆ ಒಂದು ಹೂಂ ಇಲ್ಲ, ಉಹೂಂ ಇಲ್ಲ. ಗಾಬರಿಯಾಗಬೇಡ, ಈಗ ಎಲ್ಲ ಸರಿಹೋಗಿದೆ. ಸರಿಹೋಗದಿದ್ದರೆ ಈ ಕಾಗದ ಬರೆಯುವ ಧೈರ್ಯ ನನಗೆಲ್ಲಿತ್ತು? ಸರಿಹೋಗಿದ್ದು ಯಾವುದರಿಂದ ಅಂದರೆ ನೀನು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತೀಯ. ನ್ಯೂಜಿಲೆಂಡ್ ಅನ್ನೋ ದೇಶದಿಂದ.

ನಿನ್ನ ತಿಥಿಯ ದಿನ ಬೆಸಗರಹಳ್ಳಿಯ ಮನೆ ಮುಂದೆ ಶಾಮಿಯಾನ ಹಾಕಿಸಿದ್ದೆವು. ನಿನಗೆ ಗಂಡುಮಕ್ಕಳಿಲ್ಲವಲ್ಲ, ಕಾರ್ಯಕ್ಕೆ ಕೂತವನು ದೊಡ್ಡಪ್ಪನ ಮಗ ಕೆಂಪಣ್ಣ. ಪದ್ಮ ಮಳವಳ್ಳಿಯಿಂದ ಬೆಳಗ್ಗೆಯೇ ಹೊರಟಿದ್ದಳು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿಕೊಂಡು ರಸ್ತೆ ಪೂರ್ತಿ ಕಟ್ಟಿಹೋಗಿತ್ತು. "ತಡಿಯಣ್ಣ, ಬತ್ತಾವಳೆ" ಅಂದೆ. ಆತ ಕೇಳಬೇಕಲ್ಲ! "ಒತ್ತು ಮೀರೋಯ್ತದೆ ಕಣಮ್ಮ, ಜನ ಅಸ್ಕೊಂಡ್ ಕೂತವ್ರೆ" ಅಂತ ಎಡೆ ಇಟ್ಟೇಬಿಟ್ಟ. ಹಾಳು ಕಾಗೆಯೂ ಅವತ್ತು ಕಾಯಿಸಲಿಲ್ಲ, ಕರೆದಿದ್ದೇ ತಡ ಬಂದು ಮುಟ್ಟಿತು. ಜನ ಊಟಕ್ಕೆ ಕೂತ ಮೇಲೆ ಪದ್ಮ ಬಂದಳು. ಕೈಯಲ್ಲಿ ನಿನಗೇ ಅಂತ ಮಾಡಿದ ಒತ್ತುಶಾವಿಗೆ, ಕಾಯಿಹಾಲು. ಖಾಲಿಯಾದ ಎಡೆ ನೋಡಿದಳು, ನನ್ನ ಮುಖ ನೋಡಿದಳು. "ನೀನೇ ಇಕ್ಸಿರೋದು. ಅವ್ವ ನಿಂಗೊಬ್ಳಿಗೇನಾ? ಇವತ್ತಿಂದ ನಂಗೆ ಅಕ್ಕ ಇಲ್ಲ ಅನ್ಕೋತೀನಿ" ಅಂತ ಊರ ಜನರೆಲ್ಲರ ಮುಂದೆ ಅಂದು, ಪಾತ್ರೆ ಸಮೇತ ವಾಪಸ್ ಹೋದಳು. ಮೊದಲ ಒಂದು ವಾರ ನಾನೇ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ನನಗೂ ಸಿಟ್ಟು ಬಂತು. ಮಾಡದ ತಪ್ಪಿಗೆ ಎಷ್ಟು ಸಲ ಬಾಗಲಿ? ನಿನ್ನ ಮಗಳೇ ಅಲ್ಲವೇ ನಾನೂ?

ನಿನ್ನ ಅಳಿಯಂದಿರ ಸಂಗತಿ ಹೇಳುತ್ತೇನೆ ಕೇಳು. ನಾವು ಹೀಗೆ ಮೂತಿ ತಿರುಗಿಸಿಕೊಂಡು ಕೂತಿದ್ದರೆ, ಅವರಿಬ್ಬರೂ ಏನೂ ಆಗದವರಂತೆ ವಾರಕ್ಕೊಮ್ಮೆ ಮದ್ದೂರಿನ ಟೀ ಅಂಗಡಿಯಲ್ಲಿ ಸೇರುತ್ತಿದ್ದರು. ಮಂಡ್ಯದಿಂದ ನಮ್ಮವರು, ಮಳವಳ್ಳಿಯಿಂದ ಪದ್ಮಳ ಗಂಡ ನಾಗರಾಜು. ನಮ್ಮವರಿಗೆ ಕರೆಂಟ್ ಆಫೀಸಿನಿಂದ ರಿಟೈರ್ ಆದ ಮೇಲೆ ಮೊಬೈಲಿನಲ್ಲಿ ರಸ್ತೆ ನೋಡುವ ಹುಚ್ಚು. ಯಾರೋ ಕಾರಿನ ಮುಂದೆ ಕ್ಯಾಮೆರಾ ಇಟ್ಟು ಗಂಟೆಗಟ್ಟಲೆ ಓಡಿಸಿದ್ದನ್ನು ಕಣ್ಣು ಮಿಟುಕಿಸದೆ ನೋಡುತ್ತಾರೆ. ಅಲ್ಲಿ ಹುಟ್ಟಿದ್ದು ಈ ಯೋಚನೆ. ನಾಲ್ಕು ಜನ ನ್ಯೂಜಿಲೆಂಡಿಗೆ ಹೋಗಿ, ಅಲ್ಲೇ ಬಾಡಿಗೆ ಕಾರು ಹಿಡಿದು, ನಾವೇ ಓಡಿಸಿಕೊಂಡು ದೇಶ ನೋಡುವುದು. "ಅಲ್ಲೂ ನಮ್ ಥರಾನೇ ಎಡಕ್ಕೆ ಓಡುಸ್ತಾರೆ ಕಣೇ. ಸ್ಟೇರಿಂಗೂ ಬಲಕ್ಕೇ ಇರ್ತದೆ" ಅಂತ ಇವರು ಅಂದಾಗ ನಾನು ಕೇಳಿದೆ, "ಓಡಿಸೋರ್ ಯಾರು?"

ನಾನು ಕಾರು ಕಲಿತ ಹೊಸದರಲ್ಲಿ ನಿನ್ನನ್ನು ಮಳವಳ್ಳಿಗೆ ಕರೆದುಕೊಂಡು ಹೋಗಿದ್ದೆನಲ್ಲ, ಎದುರಿಗೆ ಬಸ್ಸು ಬಂದಾಗೆಲ್ಲ "ಓಗಪ್ಪ ಆ ಕಡೆ, ನನ್ ಮಗ್ಳು ಬತ್ತಾವಳೆ" ಅಂತ ನೀನು ಕೈ ಬೀಸುತ್ತಿದ್ದೆ! ನಮ್ಮ ನಾಲ್ವರಲ್ಲಿ ನೆಟ್ಟಗೆ ಕಾರು ಓಡಿಸುವವರು ನಾನು, ಪದ್ಮ ಇಬ್ಬರೇ. ನಮ್ಮವರು ಕಾರನ್ನು ಎತ್ತಿನ ಗಾಡಿ ಥರ ಓಡಿಸುತ್ತಾರೆ. ನಾಗರಾಜು ಸ್ಕೂಟರಿನವರು. ಪದ್ಮಳಾದರೆ ಅವಳ ಬ್ಲೌಸ್ ಅಂಗಡಿಗೆ ಬಟ್ಟೆ ತರಲು ಬೆಂಗಳೂರಿಗೆ ಒಬ್ಬಳೇ ಹೋಗಿಬರುವವಳು. ಗುರುತಿಲ್ಲದ ದೇಶದಲ್ಲಿ ಒಬ್ಬಳು ಓಡಿಸುವಾಗ ಇನ್ನೊಬ್ಬಳು ಪಕ್ಕ ಕೂತು ದಾರಿ ಹೇಳಬೇಕು. ಮಾತೇ ಆಡದವರು ದಾರಿ ಹೇಳುವುದು ಹೇಗೆ? ಅಳಿಯಂದಿರು ಬೇಕೂ ಬೇಕೂ ಅಂತಲೇ ಈ ಗಂಟು ಹಾಕಿದರೋ ಏನೋ, ಕೇಳಿದರೆ ಇಬ್ಬರೂ ಬಾಯಿ ಬಿಡುವುದಿಲ್ಲ.

ಆದರೂ ನಾನು ಒಪ್ಪಿದೆ. ಯಾಕೆ ಒಪ್ಪಿದೆ ಅಂತ ನಿನಗಲ್ಲದೆ ಇನ್ಯಾರಿಗೆ ಹೇಳಲಿ? ನನಗೆ ಅವಳು ಬೇಕಾಗಿತ್ತು. ಮಂಡ್ಯದ ಸಂತೆಪೇಟೆಯಲ್ಲಿ ಅವಳ ಥರ ಜಡೆ ಹಾಕಿದವರು ಕಂಡರೆ ಹಿಂದಿನಿಂದ ಹೋಗಿ ಮುಖ ನೋಡಿ ಬರುತ್ತಿದ್ದೆ. ಆದರೆ ಎಲ್ಲಿಗೆ ಹೋಗುವುದು ಅನ್ನುವಲ್ಲೇ ಮತ್ತೆ ಕಿತ್ತುಕೊಂಡಿತು. ಆ ದೇಶ ಎರಡು ದ್ವೀಪ ಅವ್ವಾ, ಉತ್ತರದ್ದೊಂದು, ದಕ್ಷಿಣದ್ದೊಂದು, ನಡುವೆ ಸಮುದ್ರ. ಉತ್ತರದಲ್ಲಿ ನೆಲದೊಳಗಿಂದ ಬಿಸಿನೀರು ಚಿಮ್ಮುತ್ತದೆ, ಕೆಸರು ಅಂಬಲಿಯ ಹಾಗೆ ಕೊತಕೊತ ಕುದಿಯುತ್ತದೆ, ಹಸುಗಳು ಮೇಯುವ ದಿಬ್ಬಗಳು. ದಕ್ಷಿಣದಲ್ಲಿ ಹಿಮ ಹೊತ್ತ ಬೆಟ್ಟ, ನೀಲಿ ಕೆರೆ, ಬಂಡೆಗಳ ನಡುವೆ ನುಗ್ಗಿದ ಸಮುದ್ರ. ನಮಗಿರುವುದು ಹದಿನೈದೇ ದಿನ, ಅದಕ್ಕಿಂತ ಹೆಚ್ಚು ಪದ್ಮ ಅಂಗಡಿ ಮುಚ್ಚುವ ಹಾಗಿಲ್ಲ. ಎರಡೂ ನೋಡುತ್ತೇವೆ ಅಂತ ಹೊರಟರೆ ಊರು ನೋಡುವುದಿರಲಿ, ಕಾರಿನಿಂದ ಇಳಿಯುವುದಕ್ಕೇ ಪುರುಸೊತ್ತಿರುವುದಿಲ್ಲ. ನಾನು ದಕ್ಷಿಣ ಅಂದೆ. ಮದ್ದೂರಿನ ಟೀ ಅಂಗಡಿಯಿಂದ ಉತ್ತರ ಬಂತು: "ಪದ್ಮ ಉತ್ತರ ಅಂತಾವಳೆ." ನಾನು ಹಿಮ ಅಂದೆ. "ಹಿಮ ನೋಡಕ್ಕೆ ಅಷ್ಟು ದೂರ ಯಾಕೆ, ಫ್ರಿಜ್ಜಲ್ಲಿ ನೋಡ್ಕಳಿ ಅಂದ್ಲು" ಅಂತ ವರದಿ ಬಂತು. ಕಡೆಗೆ ನಮ್ಮವರು ಬೇಸತ್ತು, "ಓಗ್ಲಿ ಬುಡು, ಈ ಟ್ರಿಪ್ಪೇ ಬೇಡ" ಅಂದುಬಿಟ್ಟರು. ಇದೂ ಕೈತಪ್ಪಿದರೆ ಇನ್ನು ಅವಳನ್ನು ನೋಡುವುದು ಯಾರ ಸಾವಿನಲ್ಲೋ, ಯಾರ ಮದುವೆಯಲ್ಲೋ...

ಆಗ ನೆನಪಾಗಿದ್ದು ನೀನು. ಗೌರಿಹಬ್ಬ ಕಳೆದು ಡಬ್ಬದ ತಳದಲ್ಲಿ ಒಂದೇ ಕಜ್ಜಾಯ ಉಳಿದಾಗ ನಾವು ಕಿತ್ತಾಡುತ್ತಿದ್ದೆವಲ್ಲ, ನೀನು ಒಲೆ ಮುಂದಿನಿಂದ ಏಳದೆಯೇ ತೀರ್ಪು ಕೊಡುತ್ತಿದ್ದೆ: "ದೊಡ್ಡೋಳು ಮುರಿ, ಚಿಕ್ಕೋಳು ಆರ್ಸ್ಕೊ." ಊರಲ್ಲಿ ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗಲೂ ಅದೇ ಪದ್ಧತಿ. ಹಿರಿಯ ಭಾಗ ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಮಾಡುವವನು ಮೋಸ ಮಾಡಿದರೆ ಕಡಿಮೆ ಭಾಗ ಅವನಿಗೇ ಬೀಳುತ್ತದೆ. ಸರಿ, ಜೆರಾಕ್ಸ್ ಅಂಗಡಿಗೆ ಹೋಗಿ ಆ ದೇಶದ ಬಣ್ಣದ ನಕ್ಷೆ ಎರಡು ಪ್ರತಿ ತೆಗೆಸಿಕೊಂಡು ಬಂದೆ. ಊಟದ ಮೇಜಿನ ಮೇಲೆ ಹಾಸಿಕೊಂಡು ಎರಡು ದಾರಿ ಗೆರೆ ಎಳೆದೆ. ಒಂದು ಪೂರ್ತಿ ದಕ್ಷಿಣ. ಇನ್ನೊಂದು ಉತ್ತರದ ಬಿಸಿನೀರು, ಕೆಸರು, ಅಲ್ಲಿಂದ ಕಾರನ್ನು ಹಡಗಿಗೆ ಹತ್ತಿಸಿ ದಕ್ಷಿಣಕ್ಕೆ ದಾಟಿ, ಕೊನೆಗೆ ಎರಡು ದಿನ ಒಂದು ಹಿಮದ ಬೆಟ್ಟ. ಎರಡನ್ನೂ ಮಡಿಸಿ, ಮದ್ದೂರಿಗೆ ಹೊರಟಿದ್ದ ನಮ್ಮವರ ಕೈಗೆ ಕೊಟ್ಟೆ. "ದೊಡ್ಡೋಳು ಭಾಗ ಮಾಡವ್ಳೆ, ಚಿಕ್ಕೋಳು ಆರ್ಸ್ಕೋಬೇಕಂತೆ ಅಂತ ಹೇಳ್ಬುಡಿ. ಇನ್ನೇನೂ ಸೇರಿಸ್ಬೇಡಿ" ಅಂದೆ.

ಮಾರನೆಯ ದಿನ ಮಧ್ಯಾಹ್ನ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಗೇಟಿನ ಮುಂದೆ ಕಾರು ನಿಂತ ಸದ್ದು, ಆಮೇಲೆ ಬಾಗಿಲು ಧಡ್ ಅಂತ ಹಾಕಿದ್ದು. ಆ ಬಡಿತ ಕೇಳಿಯೇ ಗೊತ್ತಾಯಿತು, ಪದ್ಮ. ಕಾಲು ತೊಳೆಯಲಿಲ್ಲ, ಹೇಗಿದ್ದೀಯ ಅನ್ನಲಿಲ್ಲ. ಎರಡೂ ನಕ್ಷೆ ತಂದು ಅವರೆಕಾಯಿಯ ಮೊರದ ಮೇಲೇ ಹರಡಿದಳು.

"ಇದೇನಕ್ಕ ಭಾಗ? ಇದ್ರಲ್ಲೂ ಹಿಮದ್ ಬೆಟ್ಟ, ಅದ್ರಲ್ಲೂ ಹಿಮದ್ ಬೆಟ್ಟ! ಯಾವ್ದ್ ಆರಿಸಿದ್ರೂ ನಿಂಗ್ ಬೇಕಾದ್ದು ನಿಂಗ್ ಸಿಗ್ತದೆ. ಅವ್ವ ಇದ್ದಿದ್ರೆ ನಿನ್ ಕೈ ಮೇಲೆ ಒಂದ್ ಕೊಡೋಳು!"

ಅವ್ವಾ, ಅವಳು ಅಕ್ಕ ಅಂದಳು! ಸಿಟ್ಟಿನಲ್ಲಿ ಬಾಯಿತಪ್ಪಿ ಬಂದಿದ್ದೇ ಇರಲಿ, ಅಂದಳು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ, ಸುಮ್ಮನಿರುವುದೇ? "ಭಾಗ ಸರಿಯಿಲ್ದಿದ್ರೆ ಫೋನ್ ಮಾಡಿ ಹೇಳಕ್ಕೇನಾಗಿತ್ತು? ಎರಡು ವರ್ಸದಿಂದ ನಿನ್ ಬೆರಳು ಸವೆದೋಗಿತ್ತಾ?" ಅಂದೆ. ಅಷ್ಟೇ, ಕಟ್ಟೆ ಒಡೆಯಿತು. ನ್ಯೂಜಿಲೆಂಡ್ ಎಲ್ಲಿ ಹೋಯಿತೋ, ಇಬ್ಬರೂ ಬೆಸಗರಹಳ್ಳಿಯ ಶಾಮಿಯಾನದ ಕೆಳಗೆ ನಿಂತಿದ್ದೆವು. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ಕಾಯಿಹಾಲು ಹುಳಿಯಾಗುತ್ತದೆ ಅಂತ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ, ಕಾರಿನಲ್ಲಿ ಅತ್ತಿದ್ದನ್ನು ಹೇಳಿದಳು. "ಕಡೇದಾಗಿ ಅವ್ವಂಗೆ ಒಂದ್ ತುತ್ತು ಇಕ್ಕಾಕೆ ಆಗ್ನಿಲ್ವಲ್ಲ ನಂಗೆ" ಅಂದಳು. ನಾನು ತಡೆದಿದ್ದನ್ನು, ಕೆಂಪಣ್ಣ ಕೇಳದೆ ಹೋಗಿದ್ದನ್ನು ಹೇಳಿದೆ. ಅವಳು ನಂಬಲಿಲ್ಲ. ಅಲ್ಲೇ ನಿಂತು ಕೆಂಪಣ್ಣನಿಗೆ ಫೋನ್ ಹಚ್ಚಿದಳು, ಸ್ಪೀಕರಿನಲ್ಲಿ. ಆತ ಎಲ್ಲೋ ಗದ್ದೆ ಬದುವಿನಲ್ಲಿದ್ದ. "ಹೂಂ ಕಣವ್ವ, ಸರೋಜ ತಡಿ ತಡಿ ಅಂತ ಬಡ್ಕೊಂಡ್ಲು. ನಾನೇ ಇಕ್ಕಿದ್ದು. ಈಗ್ಯಾಕವ್ವ ಅದು?" ಅಂದ. ಈಗ್ಯಾಕಂತೆ, ಪುಣ್ಯಾತ್ಮ!

ಪದ್ಮ ಫೋನ್ ಇಟ್ಟು ನೆಲದ ಮೇಲೆ ಕೂತುಬಿಟ್ಟಳು. ನಾನೂ ಕೂತೆ. ಇಬ್ಬರೂ ಅತ್ತೆವು ಅವ್ವಾ, ನೀನು ಹೋದ ದಿನ ಕೂಡ ಹೀಗೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತಿರಲಿಲ್ಲ, ಬಂದವರಿಗೆ ಕಾಫಿ ಕಾಸುವುದರಲ್ಲೇ ಆಗಿಹೋಗಿತ್ತು. ಎದೆ ಮೇಲಿಂದ ಬೀಸುವ ಕಲ್ಲು ಎತ್ತಿ ಇಟ್ಟ ಹಾಗಾಯಿತು ನನಗೆ. ನಮ್ಮವರು ಬಾಗಿಲ ಹತ್ತಿರ ಬಂದು ಇಣುಕಿ ನೋಡಿ, ಸದ್ದಿಲ್ಲದೆ ಅಂಗಳಕ್ಕೆ ಹೋಗಿ ನಾಗರಾಜುಗೆ ಫೋನ್ ಮಾಡಿದ್ದು ಕೇಳಿಸಿತು: "ಟಿಕೆಟ್ ನೋಡಪ್ಪ ನಾಗರಾಜು, ಆಯ್ತು ಕೆಲ್ಸ!"

ಮುಖ ತೊಳೆದು ಬಂದು ಪದ್ಮ ಮೊರದ ಮೇಲಿನ ನಕ್ಷೆ ಎತ್ತಿಕೊಂಡಳು. ನಾನು "ನಿನ್ ಉತ್ತರಾನೇ ಆಗ್ಲಿ ಬುಡು, ಅದ್ರಲ್ಲಿರೋ ಹಿಮಾನೂ ತೆಗೆದಾಕು" ಅಂದೆ. ಅವಳು ಉತ್ತರದ ನಕ್ಷೆಯನ್ನು ಮಡಿಸಿ ಪಕ್ಕಕ್ಕೆ ತಳ್ಳಿದಳು.

"ಕುದಿಯೋ ಕೆಸರು ಯಾರಿಗ್ ಬೇಕು? ನಂಗೂ ದಕ್ಷಿಣಾನೇ ಆಸೆ. ನೀನ್ ದಕ್ಷಿಣ ಅಂದಿದ್ದಕ್ಕೆ ನಾನ್ ಉತ್ತರ ಅಂದಿದ್ದು."

ಇಂಥವಳನ್ನು ಹೆತ್ತೆಯಲ್ಲ ಅವ್ವಾ, ಇವಳಿಗೆ ಏನು ಹೇಳೋಣ? ತಿಂಗಳುಗಟ್ಟಲೆ ಗಂಡಂದಿರನ್ನು ಮದ್ದೂರಿಗೂ ಮನೆಗೂ ಅಲೆದಾಡಿಸಿದ್ದು ಇದಕ್ಕಾ?

ಅಂತೂ ದಕ್ಷಿಣ ಗಟ್ಟಿಯಾಯಿತು. ಶಿವರಾತ್ರಿ ಕಳೆದ ಮೇಲೆ ಹೊರಡುತ್ತೇವೆ, ಆಗ ಅಲ್ಲಿ ಬೇಸಿಗೆ ಮುಗಿಯುವ ಹೊತ್ತಂತೆ. ಪಡುವಣ ಕರಾವಳಿಯಲ್ಲಿ ಮಳೆ ಜಾಸ್ತಿ ಅಂತ ಆ ಭಾಗ ಬಿಟ್ಟೆವು. ಕೆರೆಗಳ ಊರಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟೆವು, ಸುಮ್ಮನೆ ಕೂರುವುದಕ್ಕೆ. ತಿನ್ನುವ ಪದಾರ್ಥ ಏನು ಒಯ್ದರೂ ಅಲ್ಲಿ ಮೊದಲೇ ತೋರಿಸಬೇಕಂತೆ, ಬಿಟ್ಟರೆ ಬಿಟ್ಟರು, ಇಲ್ಲದಿದ್ದರೆ ಕಿತ್ತು ಬಿಸಾಡುತ್ತಾರಂತೆ. ಪದ್ಮ ದಿನಕ್ಕೆರಡು ಸಲ ಫೋನ್ ಮಾಡಿ ರಾಗಿಹಿಟ್ಟಿನ ಚಿಂತೆ ಮಾಡುತ್ತಾಳೆ. ನನಗೆ ಆ ಫೋನು ಎಷ್ಟು ಸಲ ಬಂದರೂ ಸಾಕಾಗುವುದಿಲ್ಲ. ಒಂದು ಮಾತು ಇಬ್ಬರೂ ಕೊಟ್ಟುಕೊಂಡಿದ್ದೇವೆ, ನಿನ್ನ ಮುಂದೆಯೂ ಹೇಳಿಬಿಡುತ್ತೇನೆ. ಅಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಕಾರಿನಿಂದ ಇಳಿಯುವ ಮೊದಲೇ ಬೈದು ಮುಗಿಸಬೇಕು.

ಹೋದ ಭಾನುವಾರ ಅಭ್ಯಾಸಕ್ಕೆ ಅಂತ ನಾವಿಬ್ಬರೇ ಬಸರಾಳಿನ ದೇವಸ್ಥಾನಕ್ಕೆ ಹೋಗಿಬಂದೆವು. ಹೋಗುವಾಗ ನಾನು ಓಡಿಸಿದೆ, ಬರುವಾಗ ಪದ್ಮ. ಸಣ್ಣ ರಸ್ತೆಗಳಲ್ಲಿ ಹೋಗೋಣ, ಬಾಯಲ್ಲೇ ದಾರಿ ಹೇಳುವುದು ರೂಢಿಯಾಗಲಿ ಅಂತ ಮಾತಾಗಿತ್ತು. ನಿನಗೆ ಗೊತ್ತು, ಬೇರೆಯವರು ಓಡಿಸುವಾಗ ನಾನು ಕಣ್ಣು ಮುಚ್ಚುವವಳಲ್ಲ, ಕಾಲಲ್ಲಿ ಇಲ್ಲದ ಬ್ರೇಕು ತುಳಿಯುತ್ತಿರುತ್ತೇನೆ. ಅವತ್ತು ಯಾವಾಗ ಕಣ್ಣು ಹತ್ತಿತೋ ತಿಳಿಯದು. ಎಚ್ಚರವಾದಾಗ ಕಾರು ಒಂದು ಹೊಂಗೆಮರದ ನೆರಳಿನಲ್ಲಿ ನಿಂತಿತ್ತು. ಎರಡೂ ಕಡೆ ಕಬ್ಬು. ಎಂಜಿನ್ ಆರಿಸಿ, ಕಿಟಕಿ ಇಳಿಸಿ, ಪದ್ಮ ನನ್ನ ಕಡೆ ತಿರುಗಿಕೊಂಡು ಸುಮ್ಮನೆ ಕೂತಿದ್ದಳು.

"ಯಾವೂರೇ ಇದು?" ಅಂದೆ.

"ನಂಗೇನ್ ಗೊತ್ತು? ದಾರಿ ಹೇಳೋಳು ನೀನು. ನೀನ್ ಗೊರಕೆ ಹೊಡೀತಿದ್ದೆ, ನಾನ್ ಎಲ್ಲೋ ತಿರುಗಿಸ್ಬುಟ್ಟೆ."

"ಎಬ್ಬಿಸೋದಲ್ವಾ ಮತ್ತೆ?"

"ಥೇಟ್ ಅವ್ವನ್ ಥರಾನೇ ಬಾಯ್ ಬುಟ್ಕೊಂಡ್ ಮಲಗಿದ್ದೆ ಕಣಕ್ಕ. ಎಬ್ಬಿಸಕ್ಕೆ ಮನಸ್ ಬರ್ನಿಲ್ಲ. ಇನ್ನೊಂದ್ ಸ್ವಲ್ಪ ನೋಡಣ ಅಂತ ಕೂತ್ಕೊಂಡೆ."

ನಿನ್ನ ಮಗಳು,
ಸರೋಜ