ಬಯೋಟಿನ್ ಮಾತ್ರೆ

ಅಕ್ಕಾ,

ಇದನ್ನು ನಿನಗೆ ಕಳಿಸುವುದಿಲ್ಲ. ಹೋದ ವಾರ ನಮ್ಮ ಲ್ಯಾಬಿಗೆ ಮೂರು ತಿಂಗಳ ಮಗುವಿನ ರಕ್ತ ಬಂದಿತ್ತು. ಮೈತುಂಬ ಗುಳ್ಳೆ, ತಲೆಗೂದಲು ಉದುರಿತ್ತು, ಜೊತೆಗೆ ಫಿಟ್ಸ್. ದೇಹದಲ್ಲಿ ಕೊಬ್ಬು ಕಟ್ಟುವ ಕೆಲಸ ಶುರುಮಾಡುವ ಒಂದು ಕಿಣ್ವವಿದೆ. ಎರಡು ಕಾರ್ಬನ್ನಿನ ತುಣುಕಿಗೆ ಅದು ಮೂರನೆಯದನ್ನು ಜೋಡಿಸುತ್ತದೆ. ಬಯೋಟಿನ್ ಎಂಬ ವಿಟಮಿನ್ ಸಿಗದಿದ್ದರೆ ಕೈಕಟ್ಟಿ ಕೂರುತ್ತದೆ. ಈ ಮಗುವಿಗೆ ಆಗಿದ್ದು ಅದೇ. ಮಾತ್ರೆ ಕೊಟ್ಟ ಮೇಲೆ ಫಿಟ್ಸ್ ನಿಂತಿತು.

“ಇಷ್ಟೇನಾ ಔಷಧಿ?” ಎಂದು ಇವತ್ತು ಅದರ ತಾಯಿ ಕೇಳಿದಳು.

“ಇಷ್ಟೇ ಕಣಮ್ಮ,” ಎಂದೆ.

ನಿನ್ನ ಪುಟ್ಟ ಫಿಟ್ಸ್ ಬಂದು ತೀರಿಕೊಳ್ಳುವ ಒಂದು ತಿಂಗಳು ಮುಂಚೆ ನೀನು ಫೋನ್ ಮಾಡಿ, “ದಿಂಬಿನ ತುಂಬಾ ಇವನ ಕೂದಲು ಕಣೇ” ಅಂದಿದ್ದೆ. “ಎಲ್ಲ ಮಕ್ಕಳಿಗೂ ಉದುರತ್ತೆ, ಸುಮ್ನಿರು” ಎಂದು ನಾನು ನಕ್ಕಿದ್ದೆ. ಆಗಲೂ ನಾನು ಇದೇ ಲ್ಯಾಬಿನಲ್ಲಿದ್ದೆ.

ಭಾನುವಾರ ನೀನು ಫೋನ್ ಮಾಡಿ ಕೆಲಸ ಹೇಗಿದೆ ಎಂದು ಕೇಳುತ್ತೀಯ. ಚೆನ್ನಾಗಿದೆ ಎನ್ನುತ್ತೇನೆ.